ನಂದಿಯ ಎಡಗಿವಿ

“ಕೈ ಯಾರ್ದ್?”

ಸರಸ ಗಟ್ಟಿಯಾಗಿ ಕೇಳಿದಳು. ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿದ ಹಲಸಿನ ಹಲಗೆಗಳಿದ್ದವು, ಭಾನುವಾರವಾದ್ದರಿಂದ ಬಾಯಿ ಮುಚ್ಚಿಕೊಂಡ ಗರಗಸದ ಯಂತ್ರವಿತ್ತು. ಹೊರಗೆ ಹೆದ್ದಾರಿಯಲ್ಲಿ ಕುಂದಾಪುರದ ಬಸ್ಸೊಂದು ಹಾರನ್ನು ಹೊಡೆದು ಹೋಯಿತು. ಅವಳು ಸಾಣೆಕಲ್ಲಿಗೆ ನೀರು ಚಿಮುಕಿಸಿ, ತೀರಿಹೋದ ಗಂಡನ ಸಣ್ಣ ಉಳಿಯನ್ನು ಮಸೆಯುತ್ತ ಉತ್ತರವನ್ನೂ ತಾನೇ ಹೇಳಿಕೊಂಡಳು.

“ನನ್ದ್.”

ಆ ಪ್ರಶ್ನೆ ಅವಳದ್ದಲ್ಲ, ದೈವ ಮೈಮೇಲೆ ಬರುವ ಪಾತ್ರಿಯದು. ಕಡಲ ಬದಿಯ ದೈವದ ಗುಡಿಗೆ ಯಾರಾದರೂ ಹರಕೆಯ ನಂದಿಯನ್ನೋ ಹುಲಿಯನ್ನೋ ಮರದಲ್ಲಿ ಮಾಡಿಸಿ ತಂದರೆ, ದರ್ಶನ ಬಂದ ಪಾತ್ರಿ ಮೊದಲು ಕೇಳುವುದು ಅದನ್ನೇ. ಮಾಡಿದ ಕೈ ಯಾರದ್ದು? ಮಾಡಿದವನು ಮುಂದೆ ಬಂದು ‘ನನ್ನದು’ ಎನ್ನಬೇಕು. ಅವನ ಅಂಗೈಗೆ ಗಂಧಪ್ರಸಾದ ಬೀಳಬೇಕು. ಅಲ್ಲಿಗೆ ಹರಕೆ ತೀರಿತು.

ಹಾಗೆ ‘ನನ್ನದು’ ಎನ್ನಬೇಕಾಗಿದ್ದವನು ಅವಳ ಗಂಡ ಶೀನ. ಅಂದದ್ದು ಬೇರೆಯವನು.

ತೆಕ್ಕಟ್ಟೆಯ ಈ ಮರದ ಮಿಲ್ಲಿನಲ್ಲಿ ಪ್ರತಿ ಭಾನುವಾರ ಊಟದ ಮೇಲೆ ಕೆತ್ತನೆ ಬಳಗ ಸೇರುತ್ತಿತ್ತು. ಶುರುಮಾಡಿದವನು ಮಿಲ್ಲಿನ ಹಳೆಯ ಮೇಸ್ತ್ರಿ ಬಚ್ಚ. ಒಬ್ಬ ಬಸ್ ಕಂಡಕ್ಟರ್, ಒಬ್ಬ ದರ್ಜಿ, ಇಬ್ಬರು ಮೇಷ್ಟ್ರುಗಳು, ಕೋಟದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದ ಪ್ರೇಮಾನಂದ, ಬೋಟಿಗೆ ಹೋಗುತ್ತಿದ್ದ ಶೀನ. ತೊಟ್ಟಿಲಿಗೆ ಕಟ್ಟುವ ಗಿಳಿ, ಬಾಗಿಲ ಪಟ್ಟಿಗೆ ಬಳ್ಳಿ, ಯಕ್ಷಗಾನದ ಕಿರೀಟ, ದೇವರ ಮಂಟಪ, ಹೀಗೆ ಒಬ್ಬೊಬ್ಬರ ಮುಂದೆ ಒಂದೊಂದು ಇರುತ್ತಿತ್ತು. ಬಳಗಕ್ಕೆ ರಸೀದಿ ಇರಲಿಲ್ಲ, ಬೋರ್ಡು ಇರಲಿಲ್ಲ. ಇದ್ದದ್ದು ಬಚ್ಚ ಬಾಯಲ್ಲೇ ಹಾಕಿಕೊಟ್ಟ ಒಂದು ಕ್ರಮ. ಯಾರಿಗಾದರೂ ಒಂದು ಕಡೆ ಕೈ ನಡೆಯದಿದ್ದರೆ ಉಳಿಯ ಹಿಡಿಯನ್ನು ಮುಂದೆ ಮಾಡಿ ಇನ್ನೊಬ್ಬರಿಗೆ ನೀಡಿ ‘ಕೈ ಕೊಡಿ’ ಎನ್ನಬೇಕು. ನೀಡಿದ ಉಳಿಗೆ ಇಲ್ಲ ಎನ್ನಬಾರದು. ಕೊಟ್ಟ ಕೈಯನ್ನು ಆಮೇಲೆ ಹೇಳಿಕೊಂಡು ತಿರುಗಬಾರದು.

ತೊಂಬತ್ತೆಂಟರಲ್ಲಿ ಗಾಳಿಗೆ ಸಿಕ್ಕಿ ಶೀನನ ಬೋಟು ಕಾಣೆಯಾಗಿತ್ತು. ಸುದ್ದಿಯಿಲ್ಲ, ಸುಳಿವಿಲ್ಲ. ಅಂಗಳದಲ್ಲಿ ನೆರೆಯ ಹೆಂಗಸರು ಆಗಲೇ ದನಿ ತಗ್ಗಿಸಿ ಮಾತಾಡತೊಡಗಿದಾಗ ಸರಸ ಎದ್ದು ಗುಡಿಗೆ ಹೋಗಿ, ನಡೆಯ ಹೊಸ್ತಿಲ ಕಲ್ಲಿನ ಮೇಲೆ ಹಣೆಯಿಟ್ಟು ಹೇಳಿಕೊಂಡಿದ್ದಳು: ಅವರನ್ನು ದಡಕ್ಕೆ ಹಾಕು, ಅವರ ಕೈಯಾರೆ ನಂದಿ ಮಾಡಿ ನಿನ್ನ ಮುಂದೆ ಇಡಿಸುತ್ತೇನೆ. ಬೋಟು ಹೊನ್ನಾವರದ ಕಡೆ ದಡ ಹತ್ತಿತ್ತು. ಶೀನ ಯಾರದ್ದೋ ಅಂಗಿ ಹಾಕಿಕೊಂಡು ಲಾರಿಯಲ್ಲಿ ಬಂದಿಳಿದ.

ಬೇಸಗೆಯೆಲ್ಲ ಅವನು ಹಲಸಿನ ದಿಮ್ಮಿಯ ಮುಂದೆ ಕೂತ. ಬಲೆಯ ಹಗ್ಗ ಎಳೆದು ದಪ್ಪಗಾದ ಬೆರಳು. ಆದರೂ ಆ ಬೆರಳಿನಡಿಯಲ್ಲಿ ಬೆನ್ನು ಎದ್ದಿತು, ಗಂಗೆದೊಗಲು ಇಳಿಯಿತು, ಮಡಚಿದ ಕಾಲು ಕಂಡಿತು. ಎಡಗಿವಿಯ ಜಾಗದಲ್ಲಿ ಮಾತ್ರ ಮರದಲ್ಲೊಂದು ಗಂಟು. ಉಳಿ ಅಲ್ಲಿ ನಡೆಯಲಿಲ್ಲ. ಗಂಟನ್ನು ತಪ್ಪಿಸಿ ಕೆತ್ತಿದ್ದರಿಂದ ಕಿವಿ ಸ್ವಲ್ಪ ಜೋತು ಬಿತ್ತು. “ಪದ ಕೇಣ್ತಾ ಕೂತಾಂಗಿತ್ತ್ ಕಾಣಿ,” ಎಂದು ಸರಸ ನಕ್ಕಿದ್ದಳು.

ಕೊನೆಗೆ ಉಳಿದದ್ದು ಕಣ್ಣು. ಅಲ್ಲಿ ಶೀನ ಉಳಿಯನ್ನು ಹಿಂದಕ್ಕೆ ತೆಗೆದ. “ದೈವದ್ ಎದ್ರಿಗೆ ನಿಲ್ಲುವ ಕಣ್ಣ್, ನಂಗ್ ಹೆದ್ರಿಕಿ ಆತ್ತ್,” ಎಂದು ಉಳಿಯ ಹಿಡಿಯನ್ನು ಪ್ರೇಮಾನಂದನ ಕಡೆ ಮಾಡಿದ. ಬಳಗದಲ್ಲಿ ಕಣ್ಣಿಗೆ ಪ್ರೇಮಾನಂದನೇ. ಅವನು ಒಂದು ವೀಳ್ಯ ಜಗಿದು ಮುಗಿಯುವಷ್ಟರಲ್ಲಿ ಎರಡೂ ಕಣ್ಣು ಬಿಡಿಸಿಕೊಟ್ಟು, ಚಕ್ಕೆಯನ್ನು ಊದಿ ಎದ್ದ.

ಬಳಗದ ಕ್ರಮವೊಂದನ್ನೇ ಶೀನ ಯೋಚಿಸಿದ್ದ. ಗುಡಿಗೂ ಒಂದು ಕ್ರಮ ಇದೆಯೆಂದು ಅವನಿಗೆ ಹೊಳೆದಿರಲಿಲ್ಲ. ಕಣ್ಣು ಬಿಡಿಸುವತನಕ ಅದು ಮರ. ಕಣ್ಣು ಬಿಟ್ಟ ಮೇಲೆ ನಂದಿ. ಆದ್ದರಿಂದ ಕಣ್ಣು ಬಿಡಿಸಿದ ಕೈಯೇ ಮಾಡಿದ ಕೈ ಎಂದು ಗುಡಿಯಲ್ಲಿ ಹಿಂದಿನಿಂದ ನಡೆದು ಬಂದದ್ದು.

ಒಪ್ಪಿಸುವ ದಿನ ಪಾತ್ರಿ ಅಡಕೆ ಸಿಂಗಾರದ ಹೂವು ಹಿಡಿದು ನಡುಗುತ್ತ ಕೇಳಿದ: “ಕೈ ಯಾರ್ದ್?” ಶೀನ ಒಂದು ಹೆಜ್ಜೆ ಎತ್ತಿದ್ದ. ಅವನಿಗಿಂತ ಮೊದಲೇ ಬಿಳಿ ಪಂಚೆಯ ಪ್ರೇಮಾನಂದ ಜನರನ್ನು ಸರಿಸಿ ಮುಂದೆ ಬಂದು ಕೈ ಚಾಚಿ “ನನ್ದ್” ಎಂದ. ಗಂಧ ಅವನ ಅಂಗೈಗೆ ಬಿತ್ತು. ಶೀನ ಎತ್ತಿದ ಹೆಜ್ಜೆಯನ್ನು ಹಿಂದಕ್ಕೇ ಇಟ್ಟ.

ಮನೆಗೆ ಬಂದು ಸರಸ ಕೇಳಿದ್ದಳು. “ಹ್ವಾಯ್, ಎಂತಕೆ ಸುಮ್ಮನ್ ನಿಂತ್ರಿ? ಬಾಯಿಲ್ಯಾ ನಿಮ್ಗೆ?”

“ಬಳಗದಂಗೆ ಕೊಟ್ಟ ಕೈ ಅಲ್ದನೆ. ದೈವದ್ ಎದ್ರಿಗೆ ಜಗಳ ಮಾಡೂಕಾತ್ತಾ? ಮಾಡದ್ದ್ ಯಾರ್ ಅಂದೇಳಿ ದೈವಕ್ಕೆ ಗೊತ್ತಿಲ್ಯಾ?”

“ಗೊತ್ತಿದ್ರೆ ಕೇಂಬ್ದ್ ಎಂತಕೆ?”

ಮಳೆಗಾಲ ಕಳೆದು ಬೋಟುಗಳು ಮತ್ತೆ ಇಳಿದ ಮೇಲೆ ಗಂಗೊಳ್ಳಿಯ ಅಳಿವೆಯಲ್ಲಿ, ನದಿ ಕಡಲು ಸೇರುವ ಬಾಯಲ್ಲಿ, ಅವನಿದ್ದ ಬೋಟು ಮಗುಚಿತು. ಜೊತೆಗಿದ್ದವರೆಲ್ಲ ಈಜಿ ದಡಕ್ಕೆ ಬಂದರು. ಎಲ್ಲರಿಗಿಂತ ಚೆನ್ನಾಗಿ ಈಜುತ್ತಿದ್ದ ಶೀನನೊಬ್ಬ ಬರಲಿಲ್ಲ.

ಮರುದಿನ ದಡಕ್ಕೆ ಬಿದ್ದ ಹೆಣದ ಮುಂದೆ ಕೂತಾಗಲೇ ಸರಸ ತೀರ್ಮಾನಿಸಿದ್ದಳು. ದೈವ ಕೊಟ್ಟದ್ದನ್ನು ದೈವ ವಾಪಸು ತೆಗೆದುಕೊಂಡಿತು. ತನ್ನ ಹರಕೆ ತೀರಲೇ ಇಲ್ಲ. ಬೇರೆಯವನ ಹೆಸರಿಗೆ ಬಿತ್ತು. ದೈವದ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ದೈವ ಕೇಳಿತ್ತು, ಕಿವಿಗೆ ಬಿದ್ದದ್ದನ್ನು ನಂಬಿತ್ತು. ಸಿಟ್ಟೆಲ್ಲ ಆ ಒಂದು ಮಾತಿನ ಮೇಲೆ, ಅದನ್ನು ಆಡಿದ ಬಾಯಿಯ ಮೇಲೆ.

ಅವಳ ಅಪ್ಪ ಕುಂಭಾಶಿಯಲ್ಲಿ ಸಂಜೆ ಪುರಾಣ ಓದಿಸುವ ಮನೆಯ ಜಗಲಿಯ ಕೆಳಗೆ ಕೂತು ಕೇಳುತ್ತಿದ್ದವನು. ಸಣ್ಣ ಮಗುವಾಗಿದ್ದಾಗ ಅವಳೂ ಅವನ ತೊಡೆಯ ಮೇಲೆ ಕೂತು ಕೇಳಿದ್ದಳು. ಓದುವವರು ಒಂದು ಪದವನ್ನು ಎರಡು ಸಲ ಎಳೆದು ಹಾಡಿ ನಿಲ್ಲಿಸಿದರೆ ಎಲ್ಲಿಯೋ ಒಬ್ಬನಿಗೆ ಸಾವು ಕಾದಿದೆ ಎಂದು ಅರ್ಥ. ಪದದಲ್ಲಿ ಸೇಡು ಒಂದು ಸಂಧಿಯಲ್ಲಿ ಹುಟ್ಟುತ್ತದೆ, ಮುಂದಿನ ಸಂಧಿಯಲ್ಲಿ ತೀರುತ್ತದೆ. ನಡುವೆ ಸೇಡಿನವರು ಏನು ತಿಂದರು, ಯಾವ ಸಂತೆಯಲ್ಲಿ ಮೀನು ಮಾರಿದರು ಎಂದು ಯಾರೂ ಹಾಡುವುದಿಲ್ಲ. ಸರಸ ಮೀನು ಮಾರಿದಳು. ಬೆಳಿಗ್ಗೆ ಕೋಟದ ಪೇಟೆಯಲ್ಲಿ ಬುಟ್ಟಿ ಇಟ್ಟು ಕೂತು, ಎದುರಿನ ಸಾಲಿನಲ್ಲಿ ಪ್ರೇಮಾನಂದ ತಾಮ್ರದ ಕೊಡಗಳನ್ನು ಒರೆಸಿ ತೂಗುಹಾಕುವುದನ್ನು ನೋಡಿದಳು. ಮರುವರ್ಷ ಒಂದು ಭಾನುವಾರ ಗಂಡನ ಉಳಿಗಳ ಚೀಲ ಹೆಗಲಿಗೆ ಹಾಕಿಕೊಂಡು ಮಿಲ್ಲಿಗೆ ಬಂದಳು.

“ನಂಗೂ ಕೆತ್ತುಕೆ ಕಲ್ಸಿ,” ಎಂದಳು.

ಕಂಡಕ್ಟರು ಮೇಷ್ಟ್ರ ಮುಖ ನೋಡಿದ. ಬಚ್ಚನೇ ಕರೆದ. “ಬಾ ಹೆಣೆ. ಮರಕ್ಕೆ ಮುಳ್ಳಿಲ್ಲ, ಹೆದ್ರ್ಬೇಡ. ಒಂದೇ ಮಾತ್, ಇಲ್ಲಿ ಚೌಕಾಶಿ ಮಾಡೂಕಾಗ. ಹೇಳದ್ ರೇಟಿಗೇ ಕೊಡ್ಕ್.”

ಎಲ್ಲರೂ ನಕ್ಕರು. ಪ್ರೇಮಾನಂದ ನಗಲಿಲ್ಲ. ತನ್ನ ಮಣೆಯನ್ನು ಸರಿಸಿ ಅವಳಿಗೆ ಜಾಗ ಮಾಡಿದ.

ಅವಳು ಕಲಿತದ್ದು ಅವನಿಂದಲೇ. ಮೊದಲು ಒಂದು ಗಿಳಿ ಮಾಡಿದಳು, ಓರೆಕೋರೆಯ ಗಿಳಿ. ಕಣ್ಣಿನ ಹತ್ತಿರ ಬಂದಾಗ ಶೀನನ ಉಳಿಯ ಹಿಡಿಯನ್ನೇ ಪ್ರೇಮಾನಂದನ ಕಡೆ ಮಾಡಿ “ಕೈ ಕೊಡಿ” ಎಂದಳು. ಅವನು ಉಳಿಯನ್ನು ನೋಡಿದ, ಅವಳನ್ನು ನೋಡಿದ. ಇಲ್ಲ ಎನ್ನುವಂತಿರಲಿಲ್ಲ. ತೆಗೆದುಕೊಂಡ. ಅವನ ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಮಣಿಕಟ್ಟು ಯಾವಾಗ ತಿರುಗುತ್ತದೆ, ಉಸಿರು ಎಲ್ಲಿ ಹಿಡಿಯುತ್ತಾನೆ, ಇದನ್ನೆಲ್ಲ ಅವಳು ಓದಿಸುವ ಮನೆಯಲ್ಲಿ ಪದ ಕೇಳುತ್ತಿದ್ದ ಹಾಗೆ ತುಟಿ ಅಲ್ಲಾಡಿಸದೆ ನೋಡಿದಳು. ಮುಂದಿನ ಭಾನುವಾರ ಇನ್ನೊಂದು ಗಿಳಿ. ಅದರ ಮುಂದಿನ ಭಾನುವಾರ ಮತ್ತೊಂದು. ಪ್ರತಿ ಸಲವೂ ಅದೇ ಉಳಿ, ಅದೇ ಎರಡು ಮಾತು.

“ಸರಸ, ನಿಂಗೇ ಈಗ ಕಣ್ಣ್ ಬಿಡ್ಸುಕೆ ಬತ್ತಲ್ದಾ,” ಎಂದ ಅವನು ಒಂದು ದಿನ.

“ಇನ್ನೂ ಒಂಚೂರ್ ಬಾಕಿ ಇತ್ತ್,” ಎಂದಳು ಅವಳು.

ಒಂದು ವಿಷಯ ಮಾತ್ರ ಅವನು ಕಲಿಸಿದ್ದಲ್ಲ. ಮೀನು ಕೊಳ್ಳುವವರು ಮೊದಲು ನೋಡುವುದು ಕಣ್ಣನ್ನು. ಕಡಲಿನಿಂದ ಈಗಷ್ಟೇ ಬಂದ ಮೀನಿನ ಕಣ್ಣು ಉಬ್ಬಿಕೊಂಡು ನೋಡುತ್ತಿರುತ್ತದೆ. ಹೊತ್ತು ಹೋದ ಮೀನಿನದು ಒಳಗೆ ಬೀಳುತ್ತದೆ. ಆ ಉಬ್ಬನ್ನು ಅವಳು ಮರಕ್ಕೆ ತಂದಳು. ಅವಳು ಬಿಡಿಸಿದ ಗಿಳಿ ತೊಟ್ಟಿಲ ಮೇಲಿಂದ ಮಗುವನ್ನು ನಿಜವಾಗಿ ನೋಡುತ್ತಿತ್ತು. ವರ್ಷ ಕಳೆದಂತೆ ಪ್ರೇಮಾನಂದನಿಗೆ ಸಕ್ಕರೆ ಕಾಯಿಲೆ ಬಂದು ದೃಷ್ಟಿ ಮಬ್ಬಾಯಿತು. ಉಳಿಯ ಹಿಡಿಗಳು ಒಂದೊಂದಾಗಿ ಅವನನ್ನು ಬಿಟ್ಟು ಸರಸಳ ಕಡೆ ತಿರುಗಿದವು. ಕೋಟದ ಶಾಲೆಯಲ್ಲಿ ಬಳಗದ ಪ್ರದರ್ಶನ ಇಟ್ಟಾಗ ಬಂದವರಿಗೆ ಪ್ರೇಮಾನಂದನೇ ಅವಳನ್ನು ತೋರಿಸಿ “ಕಣ್ಣೆಲ್ಲ ಇವ್ಳದ್ದೇ” ಎನ್ನುತ್ತಿದ್ದ. ಅವಳು ಸೆರಗು ಹೊದ್ದು ಸುಮ್ಮನೆ ನಿಂತಿರುತ್ತಿದ್ದಳು.

ಅವಳ ಲೆಕ್ಕಾಚಾರ ಸರಳವಾಗಿತ್ತು. ಒಂದಲ್ಲ ಒಂದು ದಿನ ಇವನೂ ಗುಡಿಗೆ ಒಂದನ್ನು ಮಾಡುತ್ತಾನೆ. ಆ ದಿನ ಉಳಿ ನನ್ನ ಕಡೆ ಬರುತ್ತದೆ. ಕಣ್ಣು ಬಿಡಿಸುತ್ತೇನೆ. ಪಾತ್ರಿ ಕೇಳಿದಾಗ ಜನರನ್ನು ಸರಿಸಿ ಮುಂದೆ ಹೋಗಿ ‘ನನ್ದ್’ ಎನ್ನುತ್ತೇನೆ. ಅವನು ಎತ್ತಿದ ಹೆಜ್ಜೆಯನ್ನು ಹಿಂದಕ್ಕೆ ಇಡಬೇಕು. ಅದನ್ನು ಅವನ ಹೆಂಡತಿ ನೋಡಬೇಕು.

ಪ್ರೇಮಾನಂದನಿಗೆ ಇದು ತಿಳಿದಿತ್ತೋ ಏನೋ. ಆಮೇಲೆ ಅವನು ಕಣ್ಣಿಲ್ಲದ್ದನ್ನೇ ಕೆತ್ತಿದ. ಬಳ್ಳಿ, ಕಮಲ, ಕಂಬದ ಮೇಲಿನ ಸುರುಳಿ. “ಎಂತ ಮಾರಾಯ, ನಿನ್ ಕಾಡಂಗೆ ಒಂದ್ ಹಕ್ಕಿನೂ ಇಲ್ಯಾ?” ಎಂದು ಬಚ್ಚ ಕೆಣಕಿದರೆ, “ಹಕ್ಕಿ ಹಾರಿ ಹೋಯ್ತ್” ಎಂದು ಬಳ್ಳಿಗೆ ಇನ್ನೊಂದು ಎಲೆ ಸೇರಿಸುತ್ತಿದ್ದ. ಸರಸ ಕಾದಳು. ಬಳ್ಳಿಗೂ ಒಂದು ತುದಿ ಇರುತ್ತದೆ.

ಎರಡು ಸಾವಿರದ ಒಂಬತ್ತರಲ್ಲಿ ಪ್ರೇಮಾನಂದನ ಮಗಳು ದೀಕ್ಷಿತಾ ಸಾಲಿಗ್ರಾಮದ ಹತ್ತಿರ ಸ್ಕೂಟರಿನಿಂದ ಬಿದ್ದಳು. ಮಣಿಪಾಲದ ಆಸ್ಪತ್ರೆಯಲ್ಲಿ ತುಂಬ ಕಾಲ ಮಾತಿಲ್ಲದೆ ಮಲಗಿದ್ದಳೆಂದೂ, ಆಮೇಲೆ ಕಣ್ಣು ತೆರೆದು ಅಮ್ಮನನ್ನು ಕರೆದಳೆಂದೂ ಪೇಟೆಗೆಲ್ಲ ಸುದ್ದಿಯಾಯಿತು. ಒಂದು ಬೆಳಿಗ್ಗೆ ಪ್ರೇಮಾನಂದನ ಹೆಂಡತಿ ಕುಸುಮ ಚೀಲ ಹಿಡಿದು ಸರಸಳ ಬುಟ್ಟಿಯ ಮುಂದೆ ಕೂತಳು.

“ಬಂಗ್ಡೆ ಹ್ಯಾಂಗೆ ಸರಸಕ್ಕ?”

“ಕಣ್ಣ್ ಕಾಣಿ, ಕೇಂಬುದ್ ಎಂತಕೆ.”

ಕುಸುಮ ಮೀನಿನ ಕಡೆ ನೋಡಲಿಲ್ಲ. “ನಾನ್ ಒಂದ್ ಹೇಳ್ಕಂಡೆ, ಅಕ್ಕ. ಹೆಣ್ಣ್ ಎದ್ರೆ ಅವ್ರ್ ಕೈಯಾರೆ ನಂದಿ ಮಾಡಿ ಗುಡಿಗೆ ಇಡ್ಸ್ತೆ ಅಂದೇಳಿ. ಅವ್ರ್ ಕೇಣಿ ಬೆಳ್ಳಗಾಯ್ರ್. ‘ಬೇರೆ ಎಂತಾರೂ ಹೇಳ್ಕಂಬುಕಾಯ್ಲಿಲ್ಯಾ’ ಅಂದ್ರ್. ಆ ಹೊತ್ತಿಗೆ ನಂಗ್ ಬೇರೆಂತ ನೆನ್ಪಾತ್ತ್ ಹೇಳಿ?”

ಸರಸಳ ಕೈ ಬುಟ್ಟಿಯ ಅಂಚಿನಲ್ಲೇ ನಿಂತಿತು. ನಡೆಯ ಮೇಲೆ ಹಣೆಯಿಟ್ಟಾಗ ಕಲ್ಲು ಎಷ್ಟು ತಣ್ಣಗಿತ್ತು ಎಂದು ಅವಳಿಗೆ ಗೊತ್ತಿತ್ತು. ಆದರೂ ಎದೆಯೊಳಗೆ ಎದ್ದದ್ದು ಕರುಣೆಯಲ್ಲ. ಓದುವವರು ಪದವನ್ನು ಎರಡನೆಯ ಸಲ ಎಳೆದು ನಿಲ್ಲಿಸಿದ್ದರು.

“ಕೈಯಾರೆ ಅಂದ್ರೆ ಕೈಯಾರೆ ಆಯ್ಕ್, ಕುಸುಮ,” ಎಂದಳು. ದಪ್ಪ ದಪ್ಪ ಬಂಗಡೆಗಳನ್ನೇ ಆರಿಸಿ ಚೀಲಕ್ಕೆ ಹಾಕಿಕೊಟ್ಟಳು.

ಪ್ರೇಮಾನಂದ ದಿಮ್ಮಿ ತರಿಸಿದ. ಅರ್ಧ ಕಣ್ಣಿನಲ್ಲಿ, ಅರ್ಧ ಬೆರಳಿನಲ್ಲಿ ಕೆತ್ತಿದ. ಅವನು ಕೆತ್ತುವ ಕಡೆ ಸರಸ ನೋಡದವಳಂತೆ ಕೂತು ತನ್ನ ಕೆಲಸ ಮಾಡುತ್ತಿದ್ದಳು, ಕಿವಿ ಮಾತ್ರ ಅಲ್ಲೇ ಇತ್ತು. ಕೊಡತಿಯ ಪೆಟ್ಟು ತಗ್ಗಿದರೆ ಬೆನ್ನು ಮುಗಿಯಿತು ಎಂದು, ಉಳಿ ಕಿರುಗುಟ್ಟಿದರೆ ಗೊರಸಿಗೆ ಬಂದ ಎಂದು ತಿಳಿಯುತ್ತಿತ್ತು. ಮನೆಯಲ್ಲಿ ಅನ್ನ ಬಸಿಯುವಾಗಲೂ ಪೇಟೆಯಿಂದ ಬರುವಾಗಲೂ ಅವಳು ಆ ಒಂದು ಮಾತನ್ನು ಒಳಗೊಳಗೇ ಹೇಳಿ ನೋಡುತ್ತಿದ್ದಳು. ಗಟ್ಟಿಯಾಗಿ ಹೇಳಲೇ, ಮೆಲ್ಲಗೆ ಹೇಳಲೇ.

ಇವತ್ತು ಗುಡಿಗೆ ಒಪ್ಪಿಸುವ ಮುಂಚಿನ ಕೊನೆಯ ಭಾನುವಾರ, ಕಣ್ಣೊಂದೇ ಬಾಕಿ. ಅದಕ್ಕೇ ಎಲ್ಲರಿಗಿಂತ ಮೊದಲು ಬಂದು ಉಳಿ ಮಸೆದದ್ದು.

ಬಚ್ಚ ಬಂದ, ಉಳಿದವರೂ ಬಂದರು. ಹಿಂದೆಯೇ ಆಟೋ ನಿಂತು ಪ್ರೇಮಾನಂದ ಇಳಿದ. ಜೊತೆಗೆ ದೀಕ್ಷಿತಾ. ಒಂದು ಕಾಲನ್ನು ಎಳೆಯುತ್ತ ಬಂದು ಹಲಗೆಯ ಮೇಲೆ ಕೂತಳು. “ಸರಸಕ್ಕ, ಹ್ಯಾಂಗಿದ್ರಿ?” ಎಂದಳು. ಮಾತು ಸ್ವಲ್ಪ ತಡೆದು ತಡೆದು ಬರುತ್ತಿತ್ತು.

“ಬದ್ಕಿದ್ದೆ, ಮಗಾ.”

ಪ್ರೇಮಾನಂದ ನಂದಿಯ ಮೇಲಿನ ಗೋಣಿಯನ್ನು ತೆಗೆದ. ಸರಸ ಮೊದಲ ಸಲ ನೇರವಾಗಿ ನೋಡಿದಳು. ಒಳ್ಳೆಯ ಕೆಲಸ. ಅವನ ಕೈಯಿಂದ ಇಷ್ಟು ಒಳ್ಳೆಯದು ಹಿಂದೆ ಬಂದದ್ದಿಲ್ಲ. ಅವಳ ನೋಟ ಬೆನ್ನಿನಿಂದ ಕತ್ತಿಗೆ ಏರಿ ತಲೆಯ ಎಡಗಡೆಗೆ ಬಂದು ನಿಂತಿತು.

ಎಡಗಿವಿ ಜೋತು ಬಿದ್ದಿತ್ತು.

ಅವಳು ಹತ್ತಿರ ಹೋಗಿ ಬೆರಳಿಟ್ಟಳು. ಮರ ನುಣುಪಾಗಿತ್ತು. ಗಂಟು ಇರಲಿಲ್ಲ.

“ಇದ್ ಎಂತಕೆ ಹೀಂಗೆ?”

“ಶೀನಂದ್ ಹಾಂಗೇ ಇದ್ದಿತ್ತಲ್ದಾ,” ಎಂದ ಪ್ರೇಮಾನಂದ. “ನಂಗೀಗ ಕಣ್ಣ್ ಕಾಂತಿಲ್ಲ. ಗುಡಿಗೆ ಹೋಯಿ ಅವ್ನ ನಂದಿನ ಮುಟ್ಟಿ ಮುಟ್ಟಿ ಕಂಡ್ ಬಂದೆ. ಬೆನ್ನ್, ಕಾಲ್, ಕಿವಿ, ಎಲ್ಲ ಅವಂದೇ. ನಂದ್ ಅಂಬ್ದ್ ಇದ್ರಲ್ಲಿ ಎಂತದೂ ಇಲ್ಲ ಸರಸ.”

ಅವಳಿಗೆ ಆ ಬೇಸಗೆ ನೆನಪಾಯಿತು. ಗಂಟಿನ ಜೊತೆ ಎರಡು ಭಾನುವಾರ ಗುದ್ದಾಡಿ, ಕೊನೆಗೆ ಸೋತು ಕಿವಿಯನ್ನು ಜೋಲುಬಿಟ್ಟು ಪೆಚ್ಚುನಗೆ ನಕ್ಕ ಶೀನ. ಅದು ಅವನ ಸೋಲು. ಅವನೊಬ್ಬನದೇ. ಮೊದಲು ಗಂಧ ಹೋಯಿತು, ಈಗ ಅವನ ತಪ್ಪನ್ನೂ ಇವನು ಎತ್ತಿಕೊಂಡು ಬಂದಿದ್ದಾನೆ.

ಪ್ರೇಮಾನಂದ ಮಬ್ಬು ಕಣ್ಣನ್ನು ಅವಳ ದನಿ ಬಂದ ಕಡೆ ತಿರುಗಿಸಿ ಉಳಿಯ ಹಿಡಿಯನ್ನು ಮುಂದೆ ಮಾಡಿದ.

“ಕೈ ಕೊಡ್. ಪಾತ್ರಿ ಕೇಂತ್ರ್. ನೀನೇ ಮುಂದ್ ಹೋಯಿ ‘ನನ್ದ್’ ಅನ್. ನಾನ್ ಹಿಂದೆ ನಿಂತ್ಕಂತೆ, ಶೀನ ನಿಂತಾಂಗೆ. ಬಾಯಿ ಬಿಡ್ತಿಲ್ಲೆ. ಕುಸುಮಂಗೂ ಹೇಳಿದ್ದೆ. ಅವತ್ತ್ ನಾನ್ ಸುಳ್ಳ್ ಹೇಳ್ಲಿಲ್ಲ, ಗುಡಿ ಕ್ರಮದಂಗೆ ಹೇಳ್ದೆ ಅಂದೇಳಿ ಇಷ್ಟ್ ವರ್ಷ ನಂಗ್ ನಾನೇ ಹೇಳ್ಕಂಡೆ. ಹೆಣ್ಣ್ ಆಸ್ಪತ್ರೆಂಗೆ ಮನ್ಕಂಡಾಗ ಆ ಮಾತ್ ನಿಲ್ಲಿಲ್ಲ.”

ಸರಸ ಆ ಹಿಡಿಯನ್ನು ನೋಡಿದಳು. ಇಷ್ಟು ವರ್ಷ ಕಿತ್ತುಕೊಳ್ಳಲೆಂದು ಕಾದ ಮಾತನ್ನು ಅವನು ತಟ್ಟೆಯಲ್ಲಿಟ್ಟು ಪ್ರಸಾದದ ಹಾಗೆ ನೀಡುತ್ತಿದ್ದ. ಅವಳು ಕೇಳಿದ ಯಾವ ಪದದಲ್ಲೂ ವೈರಿ ತಾನಾಗಿ ಬಂದು ಕತ್ತು ಬಗ್ಗಿಸಿರಲಿಲ್ಲ. ಈಗ ಉಳಿ ತೆಗೆದುಕೊಂಡರೆ ಅವಳು ಮುಂದೆ ಹೋಗುತ್ತಾಳೆ, ಗಂಧ ಬೀಳುತ್ತದೆ, ಹಿಂದೆ ನಿಂತವನ ಎದೆ ಹಗುರಾಗುತ್ತದೆ. ಋಣ ತೀರುತ್ತದೆ. ಅವನದು.

“ಎಂತ ಕಾಣ್ತಾ ನಿಂತೆ ಹೆಣೆ,” ಬಚ್ಚ ಮೆಲ್ಲಗೆ ಅಂದ. “ತಕೋ. ಕಣ್ಣ್ ನಾನ್ ಬಿಡ್ಸ್ಕೊಡ್ತೆ ಅಂದ್ರೂ ಅಂವ ಕೇಂತಿಲ್ಲ. ನಿನ್ ಕೈ ಇಲ್ದೆ ಗುಡಿಗೆ ತಕಂಡ್ ಹೋತಿಲ್ಲೆ ಅಂತ.”

“ಹಾಂಗ್ ಅಂದ್ರಾ?” ಸರಸ ಪ್ರೇಮಾನಂದನನ್ನು ಕೇಳಿದಳು. “ನನ್ ಕೈ ಇಲ್ದೆ ಹೋತಿಲ್ಲೆ ಅಂದ್ರಾ?”

“ಹೆಣ್ಣಿನ್ ತಲಿ ಮುಟ್ಟಿ ಅಂದಿದ್ದೆ.”

ಅಂದರೆ ಅವಳು ಕೈ ಕೊಡದಿದ್ದರೆ ಈ ನಂದಿ ಗುಡಿ ಕಾಣುವುದಿಲ್ಲ, ಋಣವೂ ಹರಕೆಯೂ ಅವನ ಮೇಲೇ ಉಳಿಯುತ್ತವೆ.

ದೀಕ್ಷಿತಾ ಹಲಗೆಯ ಅಂಚು ಹಿಡಿದು ಎದ್ದು ನಿಂತಳು. “ಸರಸಕ್ಕ,” ಎಂದಳು, “ಅಪ್ಪಯ್ಯ... ನಿದ್ದಿ ಮಾಡ್ತಿಲ್ರ್.”

ಸರಸ ಹುಡುಗಿಯ ಮುಖ ನೋಡಿದಳು. ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಗಿತ್ತು. ಒಂದು ಕ್ಷಣ ಅವಳ ಕೈ ತಾನಾಗಿ ಎದ್ದಿತು. ಎದ್ದ ಕೈ ನಂದಿಯ ಕಡೆ ಹೋಗಿ, ಗಂಟಿಲ್ಲದ ಆ ಕಿವಿಯನ್ನು ಮತ್ತೊಮ್ಮೆ ಮುಟ್ಟಿತು. ಆಮೇಲೆ ಅವಳು ತಿರುಗಿ, ಮಸೆದಿಟ್ಟಿದ್ದ ಶೀನನ ಉಳಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿದಳು.

ಚಾಚಿದ ಹಿಡಿ ಇನ್ನೂ ಹಾಗೇ ಇತ್ತು.

“ಹೆಣೆ, ನೀಡಿದ್ ಉಳಿಗೆ ಇಲ್ಲ ಅಂಬುಕಿಲ್ಲ,” ಬಚ್ಚನ ದನಿ ಗಡುಸಾಯಿತು. “ಬಳಗದ್ ಕ್ರಮ.”

“ಕೊಟ್ಟ ಕೈ ಹೇಳ್ಕಂಬುಕಾಗ ಅಂಬ್ದೂ ಬಳಗದ್ ಕ್ರಮವೇ ಆಗಿತ್ತ್, ಬಚ್ಚಣ್ಣ. ಅವತ್ತ್ ನೀವೂ ಗುಡಿ ಎದ್ರ್ ನಿಂತಿದ್ರಿ.”

ಬಚ್ಚ ತಲೆ ತಗ್ಗಿಸಿದ. ಸರಸ ಚೀಲವನ್ನು ಹೆಗಲಿಗೆ ಏರಿಸಿಕೊಂಡು ಪ್ರೇಮಾನಂದನ ಎದುರು ಬಂದು ನಿಂತಳು. ಗುಡಿಯಲ್ಲಿ ಹೇಳಬೇಕೆಂದು ಇಷ್ಟು ಕಾಲ ಮಸೆದಿಟ್ಟಿದ್ದ ದನಿಯಲ್ಲೇ, ಗಟ್ಟಿಯೂ ಅಲ್ಲ ಮೆಲ್ಲಗೂ ಅಲ್ಲ, ಹೇಳಿದಳು:

“ಇಲ್ಲ. ನಾನ್ ಕೈ ಕೊಡ್ತಿಲ್ಲೆ.”